ಬೀಜವೂ ನೆಲವೂ: ಏಡಿಗಂತಿಯ ಚಿಕಿತ್ಸೆಯ ಚರಿತ್ರೆ

ರೋಗವು ದೇಹದಲ್ಲಿ ಹೇಗೆ ಹರಡುತ್ತದೆಂದು ವೈದ್ಯನು ಭಾವಿಸುವನೋ, ಅದಕ್ಕೆ ತಕ್ಕಂತೆ ಆತನ ಶಸ್ತ್ರವು ನಡೆಯುತ್ತದೆ. ಸ್ತ್ರೀಯರ ಸ್ತನದಲ್ಲಿ ತಲೆದೋರುವ ಏಡಿಗಂತಿ ಅಥವಾ ಕ್ಯಾನ್ಸರ್ ರೋಗದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ವ್ಯಾಧಿಯು ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯಲ್ಲಿ ಅರ್ಬುದವೆಂಬ ಹೆಸರಿನಿಂದ ಗಂತಿಗಳ ವರ್ಣನೆಯುಂಟು. ಗ್ರೀಕರು ಇದನ್ನು ಏಡಿಯೆಂದು ಕರೆದರು. ಕನ್ನಡದ ಹೆಸರಿನಲ್ಲಿಯೂ ಅದೇ ಪ್ರಾಣಿಯಿದೆ. ಕಪ್ಪು ಪಿತ್ತದ ವಿಕಾರವೇ ಇದಕ್ಕೆ ಕಾರಣವೆಂದು ಗೇಲನ್ ಎಂಬ ವೈದ್ಯನು ಬೋಧಿಸಿದನು. ದೋಷವು ಸರ್ವಾಂಗದಲ್ಲಿಯೂ ಇರುವಾಗ ಗಂತಿಯೊಂದನ್ನು ಕೊಯ್ದು ಫಲವೇನು? ಸಾವಿರ ವರ್ಷಗಳಿಗೂ ಮೀರಿ ಈ ಮತವು ವೈದ್ಯರ ಕೈಯನ್ನು ತಡೆದಿತ್ತು.

ಸೂಕ್ಷ್ಮದರ್ಶಕ ಯಂತ್ರವು ಈ ಮತವನ್ನು ಅಲುಗಿಸಿತು. ಗಂತಿಯೂ ಜೀವಕೋಶಗಳಿಂದಲೇ ಆದುದೆಂದು 1838ರಲ್ಲಿ ಜರ್ಮನಿಯ ಮುಲ್ಲರ್ ತೋರಿಸಿದನು. ಕೋಶವು ಕೋಶದಿಂದಲೇ ಹುಟ್ಟುವುದೆಂದು 1858ರ ತನ್ನ ಗ್ರಂಥದಲ್ಲಿ ವಿರ್ಕೋ ಸಾರಿದನು. ಕೋಶದೊಳಗಿನ ವಂಶವಾಹಿಗಳು ಕೆಟ್ಟು, ಬೆಳೆವಣಿಗೆಯ ಕಟ್ಟುಪಾಡು ತಪ್ಪಿದಾಗ, ಆ ಕೋಶದ ಸಂತತಿಯೇ ಗಂತಿಯಾಗುತ್ತದೆಂದು ಈಗ ತಿಳಿದುಬಂದಿದೆ.

ಹಾಗಾದರೆ ರೋಗಕ್ಕೆ ಒಂದು ಮೊದಲ ನೆಲೆಯುಂಟು. ಅದನ್ನು ಬೇರುಸಹಿತ ಕಿತ್ತರೆ ಸಾಕಷ್ಟೆ? 1846ರಲ್ಲಿ ಈಥರಿನ ಪ್ರಯೋಗವು ನೋವನ್ನು ನೀಗಿತ್ತು. 1867ರಲ್ಲಿ ಲಿಸ್ಟರನು ಗಾಯ ಕೊಳೆಯದಂತೆ ಕಾಯುವ ಕ್ರಮವನ್ನು ಪ್ರಕಟಿಸಿದ್ದನು. ಈ ಅನುಕೂಲಗಳನ್ನು ಪಡೆದು, ಅಮೆರಿಕದ ಬಾಲ್ಟಿಮೋರ್ ನಗರದ ಹಾಲ್‌ಸ್ಟೆಡ್, ತಾನು ಚಿಕಿತ್ಸೆ ಮಾಡಿದ 50 ರೋಗಿಗಳ ವೃತ್ತಾಂತವನ್ನು 1894ರಲ್ಲಿ ಮುಂದಿಟ್ಟನು. ಬಟ್ಟೆಯ ಮೇಲೆ ಬಿದ್ದ ಎಣ್ಣೆಯ ಕಲೆಯಂತೆ ರೋಗವು ಸುತ್ತಲೂ ಕ್ರಮವಾಗಿ ಹಬ್ಬುತ್ತದೆಂಬುದು ಆತನ ನಂಬಿಕೆ. ಆದುದರಿಂದ ಸ್ತನವನ್ನೂ, ಅದರಡಿಯ ಎದೆಯ ಮಾಂಸಖಂಡವನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಿದ್ದನು. ಗಾಯದ ಸ್ಥಳದಲ್ಲಿ ರೋಗವು ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೂ ಎಷ್ಟೋ ಮಂದಿ ಸ್ತ್ರೀಯರು ಮೂಳೆಯಲ್ಲಿಯೋ ಯಕೃತ್ತಿನಲ್ಲಿಯೋ ಅದೇ ರೋಗ ಕಾಣಿಸಿಕೊಂಡು ಮೃತರಾದರು. ಕೆಲವರು ಶಸ್ತ್ರವೈದ್ಯರು ಇದನ್ನು ಕಂಡು ಇನ್ನೂ ಹೆಚ್ಚಾಗಿ ಕೊಯ್ದರು.

ಈ ಒಗಟಿಗೆ ಉತ್ತರದ ಸುಳಿವು 1889ರಲ್ಲಿಯೇ ದೊರೆತಿತ್ತು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್, ಈ ರೋಗದಿಂದ ಮಡಿದ 735 ಮಂದಿಯ ಶವಪರೀಕ್ಷೆಯ ವಿವರಗಳನ್ನು ಪರಿಶೀಲಿಸಿದನು. ಯಕೃತ್ತಿನಲ್ಲಿ 241 ಸಲ ಕಂಡ ಗಂತಿ, ಗುಲ್ಮದಲ್ಲಿ ಕೇವಲ 17 ಸಲ ಕಂಡಿತ್ತು. ಬೀಜವು ಎಲ್ಲ ಕಡೆಗೂ ತೂರಿಹೋಗುತ್ತದೆ, ಒಗ್ಗಿದ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂದು ಆತನು ತರ್ಕಿಸಿದನು. ರಕ್ತದಲ್ಲಿಯೂ ದುಗ್ಧರಸದಲ್ಲಿಯೂ ಬೀಜವು ಮೊದಲೇ ಹೊರಟುಹೋಗಿದ್ದರೆ, ಎದೆಯನ್ನು ಎಷ್ಟು ಕೊಯ್ದರೇನು? ಗ್ಲಾಸ್ಗೋ ನಗರದ ಬೀಟ್ಸನ್, ಅಂಡಾಶಯಗಳನ್ನು ತೆಗೆದಾಗ ಸ್ತನದ ಗಂತಿ ಕುಗ್ಗಿದುದನ್ನು 1896ರಲ್ಲಿ ವರದಿಮಾಡಿದನು. ನೆಲದ ಸಾರವನ್ನು ತಡೆದರೆ ಬೆಳೆಯು ಬಾಡುವುದೆಂಬುದಕ್ಕೆ ಇದು ಸಾಕ್ಷಿಯಾಯಿತು.

ವಾದವು ಪ್ರಯೋಗದಿಂದ ತೀರ್ಮಾನವಾಗಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಬರ್ನಾರ್ಡ್ ಫಿಷರ್ 1976ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ಕೆಲವರಿಗೆ ಇಡೀ ಸ್ತನವನ್ನೂ, ಕೆಲವರಿಗೆ ಗಂತಿಯನ್ನು ಮಾತ್ರವೂ ತೆಗೆಯಲಾಯಿತು. 1,851 ಮಂದಿಯ ಇಪ್ಪತ್ತು ವರ್ಷಗಳ ಫಲಿತಾಂಶವು 2002ರಲ್ಲಿ ಪ್ರಕಟವಾಯಿತು: ಬದುಕಿದವರ ಪ್ರಮಾಣದಲ್ಲಿ ಗಣನೀಯ ಭೇದವಿರಲಿಲ್ಲ. ಗಂತಿ ತೆಗೆದ ಮೇಲೆ ವಿಕಿರಣವನ್ನೂ ಕೊಟ್ಟವರಲ್ಲಿ ಅದೇ ಸ್ತನದಲ್ಲಿ ರೋಗ ಮರಳಿದುದು ನೂರಕ್ಕೆ 14 ಮಂದಿಗೆ, ಕೊಡದವರಲ್ಲಿ 39 ಮಂದಿಗೆ. ಚದುರಿದ ಬೀಜಗಳಿಗೆ ಔಷಧವೇ ಬೇಕೆಂಬುದನ್ನು ಮಿಲಾನ್ ನಗರದ ಬೊನಡೋನ 1976ರಲ್ಲಿ ತೋರಿಸಿದ್ದನು.

ಇಂದು ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿಶ್ಚಯಿಸುತ್ತಾರೆ. ಬೀಜದ ಗುಣವನ್ನರಿತು ಶಸ್ತ್ರ, ವಿಕಿರಣ, ಔಷಧಗಳನ್ನು ಹೊಂದಿಸುತ್ತಾರೆ. ನೋವಿಲ್ಲದ ಗಂಟನ್ನು ಸೆರಗಿನ ಮರೆಯಲ್ಲಿಟ್ಟು ತಿಂಗಳುಗಟ್ಟಲೆ ಕಾಯುವ ತಾಯಂದಿರು ಬಹಳವಾಗಿ ಅಂಜುವುದು ಹಾಲ್‌ಸ್ಟೆಡನ ಶಸ್ತ್ರಕ್ಕೆ. ಆ ಕಾಲವು ಕಳೆದಿದೆ. ಬೇಗ ಬಂದವರಿಗೆ ಇಂದಿನ ವೈದ್ಯನು ಸ್ವಲ್ಪವನ್ನೇ ಕೊಯ್ದು ಹೆಚ್ಚನ್ನು ಉಳಿಸಬಲ್ಲನು. ತಡಮಾಡಿದಷ್ಟೂ ಬೀಜವು ದೂರ ಹೋಗುತ್ತದೆ.