ಚುನಾವಣೆಯ ಪಣ

ಮತದಾನವು ಮುಗಿದು ಎಣಿಕೆಯು ಇನ್ನೂ ಮೊದಲಾಗದಿರುವ ನಡುವಣ ದಿನಗಳು ಪಣ ಒಡ್ಡುವವರಿಗೆ ಸುಗ್ಗಿಯ ದಿನಗಳು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ಅಂತರವು ಮೂರೇ ದಿನಗಳದಾಗಿದ್ದಿತು. 2024ರ ಲೋಕಸಭಾ ಚುನಾವಣೆಯಲ್ಲಾದರೋ, ಏಪ್ರಿಲ್ 26ರಂದು ಮತವಿತ್ತ ಹಳೆಯ ಮೈಸೂರಿನ ಸೀಮೆಯವರು ಜೂನ್ 4ರ ವರೆಗೆ ಕಾಯಬೇಕಾಯಿತು. ಹಣವಲ್ಲದೆ ಆಡು ಕುರಿಗಳನ್ನೂ ಟ್ರ್ಯಾಕ್ಟರುಗಳನ್ನೂ ಹೊಲಗದ್ದೆಗಳನ್ನೂ ಬಾಜಿಗೆ ಕಟ್ಟಿದ ಸುದ್ದಿಯನ್ನು ವಾಚಕರು ವರ್ತಮಾನಪತ್ರಿಕೆಗಳಲ್ಲಿ ಓದಿಯೇ ಇರುವರು. ಮೀಸೆಯನ್ನು ಒಡ್ಡುವವರ ಮಾತು ಬೇರೆ. ಅದು ಮತ್ತೆ ಬೆಳೆಯುತ್ತದೆ.

ಇಂತಹ ಕರಾರಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. 1872ರ ಕರಾರು ಶಾಸನದ 30ನೆಯ ಕಲಮು ಪಣದ ಒಪ್ಪಂದಗಳನ್ನು ಅಸಿಂಧುವೆಂದು ಸಾರಿದೆ. ಗೆದ್ದವನು ದಾವೆ ಹೂಡಿ ವಸೂಲು ಮಾಡಲಾರನು. 1963ರ ಕರ್ನಾಟಕ ಪೋಲೀಸು ಶಾಸನವು ಬಾಜಿಯನ್ನು ಜೂಜಿನಲ್ಲಿ ಸೇರಿಸಿ, ಕುದುರೆಯ ಪಂದ್ಯವನ್ನು ಮಾತ್ರ ಕೆಲವು ನಿಬಂಧನೆಗಳ ಮೇಲೆ ಹೊರಗಿಟ್ಟಿದೆ. ಕುದುರೆಗೆ ಸಲ್ಲುವ ರಿಯಾಯಿತಿಯು ಅಭ್ಯರ್ಥಿಗೇಕೆ ಸಲ್ಲದು ಎಂದು ಹಾಸ್ಯಗಾರರು ಕೇಳಬಹುದು. ಆ ಪ್ರಶ್ನೆಗೆ ಉತ್ತರವು ಇತಿಹಾಸದಲ್ಲುಂಟು.

ಕೌಟಿಲ್ಯನು ಜೂಜನ್ನು ನಿಷೇಧಿಸಲಿಲ್ಲ. ಒಂದೇ ಸ್ಥಳದಲ್ಲಿ ಆಡಿಸಿ, ಬೇರೆಡೆ ಆಡಿದವರಿಗೆ 12 ಪಣಗಳ ದಂಡವನ್ನು ವಿಧಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಅಧ್ಯಕ್ಷನು ತೆಗೆದುಕೊಳ್ಳತಕ್ಕದ್ದೆಂದನು. ಆದರೆ ಅಲ್ಲಿ ಉರುಳುವುದು ದಾಳ. ಚುನಾವಣೆಯಲ್ಲಿ ಪಣ ಒಡ್ಡಿದವನೇ ದಾಳವನ್ನು ಉರುಳಿಸುವವರಲ್ಲಿ ಒಬ್ಬನಾಗಿರುವನು. ಭೇದವೆಲ್ಲ ಇಲ್ಲಿದೆ.

ಈ ಭೇದವನ್ನು ಮೊದಲು ಕಂಡುಕೊಂಡವರಲ್ಲಿ ರೋಮಿನ ಧರ್ಮಾಧಿಕಾರಿಗಳು ಸೇರುವರು. ಹೊಸ ಪೋಪನು ಯಾರಾಗುವನೆಂಬುದರ ಮೇಲೆ ಅಲ್ಲಿಯ ದಲ್ಲಾಳಿಗಳು ಬಹಿರಂಗವಾಗಿಯೇ ಬಾಜಿ ಕಟ್ಟಿಸುತ್ತಿದ್ದರು. ಬಾಗಿಲು ಮುಚ್ಚಿದ ಸಭೆಯಿಂದ ಸುದ್ದಿಯು ಸೋರುವುದೂ, ಬೆಲೆಯನ್ನು ಏರಿಳಿಸಲೆಂದು ಸುಳ್ಳು ಸುದ್ದಿಯನ್ನು ಹಬ್ಬಿಸುವುದೂ ಸಾಮಾನ್ಯವಾಗಿದ್ದಿತು. 1591ರಲ್ಲಿ 14ನೆಯ ಗ್ರೆಗರಿಯು ಇದಕ್ಕೆ ಧರ್ಮಬಹಿಷ್ಕಾರವೇ ದಂಡವೆಂದು ಆಜ್ಞೆಯಿತ್ತನು. ಇಂಗ್ಲೆಂಡಿನಲ್ಲಿ 1785ರ ಆಲನ್ ಮತ್ತು ಹರ್ನ್ ಎಂಬವರ ವ್ಯಾಜ್ಯದಲ್ಲಿ ಪ್ರಶ್ನೆಯು ಇನ್ನೂ ನಿಚ್ಚಳವಾಯಿತು. ಪಾರ್ಲಿಮೆಂಟಿನ ಚುನಾವಣೆಯೊಂದರ ಫಲದ ಮೇಲೆ ಇಬ್ಬರು ಮತದಾರರು ಪಣ ಕಟ್ಟಿದ್ದರು. ಮತವೀಯುವವನು ಹಣದ ಸೆಳೆತಕ್ಕೆ ಒಳಗಾಗಿರಬಾರದು, ಇಂತಹ ಪಣವು ಲಂಚಕ್ಕೆ ಮರೆಯಾಗಬಲ್ಲುದು, ಎಂಬ ನ್ಯಾಯದಿಂದ ಮ್ಯಾನ್ಸ್‌ಫೀಲ್ಡ್ ಪ್ರಭುವಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಎದುರಾಳಿಗೆ ಬೇಕೆಂದೇ ಸೋತು ಹಣ ತೆತ್ತರೆ, ಅದನ್ನು ಲಂಚವೆಂದು ಹಿಡಿಯುವವರಾರು?

ನ್ಯೂಯಾರ್ಕಿನವರಿಗೆ ಈ ಸಂಕೋಚವಿರಲಿಲ್ಲ. ಅಧ್ಯಕ್ಷ ಚುನಾವಣೆಯ ಬಾಜಿಯ ದರವನ್ನು ಅಲ್ಲಿಯ ಪತ್ರಿಕೆಗಳು ಧಾನ್ಯದ ಧಾರಣೆಯಂತೆ ಅಚ್ಚುಹಾಕುತ್ತಿದ್ದುವು. ಆ ದರವು ಬಹುಮಟ್ಟಿಗೆ ಸರಿಯಾದ ಭವಿಷ್ಯವನ್ನೇ ನುಡಿಯುತ್ತಿದ್ದಿತು. ಆದರೆ 1916ರಲ್ಲಿ ಹ್ಯೂಸ್ ಗೆಲ್ಲುವನೆಂದು ಹೆಚ್ಚಿನವರು ಕಟ್ಟಿದ್ದಾಗ ವಿಲ್ಸನ್ ಗೆದ್ದನು.

ಇನ್ನು ಪಣಿಗರ ತಂತ್ರದ ಮಾತು. ಜಾಣನು ಅಭ್ಯರ್ಥಿಯನ್ನು ನೆಚ್ಚುವುದಿಲ್ಲ, ದರವನ್ನು ನೆಚ್ಚುತ್ತಾನೆ. ಒಂದಕ್ಕೆ ಎರಡು ದೊರೆಯುವಾಗ ಒಬ್ಬನ ಮೇಲೆ ಸಾವಿರ ರೂಪಾಯಿ ಕಟ್ಟಿ, ಮುಂದೆ ಜನರ ಮಾತು ತಿರುಗಿ ಎದುರಾಳಿಗೂ ಒಂದಕ್ಕೆ ಎರಡು ಬಂದಾಗ ಅವನ ಮೇಲೂ ಸಾವಿರ ಕಟ್ಟಿದರೆ, ಯಾರು ಗೆದ್ದರೂ ಸಾವಿರವು ಲಾಭವೇ. ಇಂತಹವನಿಗೆ ಬೇಕಾದುದು ಒಬ್ಬನ ಗೆಲುವಲ್ಲ, ಮಾತಿನ ತಿರುವು. ರೋಮಿನ ವದಂತಿಗಳ ಮೂಲವೂ ಇದೇ ಲೆಕ್ಕಾಚಾರವಲ್ಲವೆ!

ಎರಡನೆಯ ಜಾಣತನವು ಕರಾರಿನ ಮಾತುಗಳಲ್ಲಿದೆ. 2018ರ ಮೇ 15ರಂದು ನಮ್ಮಲ್ಲಿ 222 ಸ್ಥಾನಗಳ ಫಲ ಹೊರಬಿದ್ದಾಗ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸಿಗೆ 78, ಜನತಾದಳಕ್ಕೆ 37 ಬಂದುವು. ಅತಿ ದೊಡ್ಡ ಪಕ್ಷ ಯಾವುದೆಂದು ಕಟ್ಟಿದವನಿಗೆ ಒಂದು ಉತ್ತರ. ಹೆಚ್ಚು ಮತ ಯಾರಿಗೆಂದು ಕಟ್ಟಿದವನಿಗೆ ಇನ್ನೊಂದು. ಏಕೆಂದರೆ ಒಟ್ಟು ಮತಗಳಲ್ಲಿ ಕಾಂಗ್ರೆಸೇ ಮುಂದಿದ್ದಿತು. ಮುಖ್ಯಮಂತ್ರಿ ಯಾರೆಂದು ಕಟ್ಟಿದವರ ಪಾಡಂತೂ ಹೇಳತೀರದು. ಮೇ 17ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 19ರಂದು ರಾಜೀನಾಮೆಯಿತ್ತರು; 23ರಂದು, ಮೂರನೆಯ ಸ್ಥಾನದಲ್ಲಿದ್ದ ಪಕ್ಷದ ಕುಮಾರಸ್ವಾಮಿಯವರು ಅಧಿಕಾರ ವಹಿಸಿದರು. 17ರ ಸಂಜೆಯೇ ಹಣ ಹಂಚಿದ ಮಧ್ಯಸ್ಥನು 23ರಂದು ಯಾರಿಗೆ ಉತ್ತರ ಹೇಳಬೇಕು?

ಮತವಿತ್ತ ಮೇಲೆ ಕಟ್ಟಿದ ಬಾಜಿಯು ಮತವನ್ನು ಕೆಡಿಸದೆಂದು ವಾದಿಸುವವರುಂಟು. ಒಪ್ಪತಕ್ಕ ವಾದವೇ. ಆದರೆ ಬಾಜಿಯು ಆ ದಿನದವರೆಗೆ ಕಾಯುವುದೆಂಬ ನೆಚ್ಚಿಕೆಯೇನು? ಲಕ್ಷಗಟ್ಟಲೆ ಮತಗಳಲ್ಲಿ ತನ್ನದೊಂದರಿಂದ ಏನಾದೀತೆಂದು ಪಣಿಗನು ಹೇಳಬಹುದು. ಶ್ರೀಗಂಧದ ಕಾವಲಿನ ನಮ್ಮಂಥವರಿಗೆ ಜಯನಗರವು ಊರಿನ ಇನ್ನೊಂದು ಮಗ್ಗುಲು. ಅಲ್ಲಿ 2023ರಲ್ಲಿ ಮರುಎಣಿಕೆಯಾದ ಮೇಲೆ ಗೆಲುವಿನ ಅಂತರವು 16 ಮತಗಳೆಂದು ತಿಳಿಯಿತು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣರಿಗೆ 40,752 ಮತಗಳೂ ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದುವು. ಅಲ್ಲಿ ಒಬ್ಬನೇ ಒಬ್ಬನು ತಾನು ಒಡ್ಡಿದ ಕುರಿಗಳನ್ನು ಉಳಿಸಿಕೊಳ್ಳಲೆಂದು ಮತವನ್ನು ಆಚೆಗೆ ಹಾಕಿದ್ದರೂ ಶಾಸಕರು ಬೇರೆಯವರಾಗುತ್ತಿದ್ದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲದಂತಾಯಿತು.