ಹಾನ್ಸ್ ಯೋನಾಸ್: ಒಬ್ಬ ನೀತಿಶಾಸ್ತ್ರಜ್ಞನ ವಿದ್ಯಾಜೀವನ

ವಿಶ್ವವಿದ್ಯಾನಿಲಯಗಳಲ್ಲಿ ದುಡಿದ ತತ್ತ್ವಜ್ಞರ ಜೀವನಚರಿತ್ರೆಯಲ್ಲಿ ಹೇಳತಕ್ಕ ಘಟನೆಗಳು ಸಾಮಾನ್ಯವಾಗಿ ಅಲ್ಪ. ವ್ಯಾಸಂಗ, ಪ್ರೌಢಪ್ರಬಂಧ, ಅಧ್ಯಾಪಕ ಪದವಿ, ಗ್ರಂಥರಚನೆ, ನಿವೃತ್ತಿ, ಇಷ್ಟರಲ್ಲಿ ಅದು ಮುಗಿಯುತ್ತದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ತೀರಿಕೊಂಡ ಹಾನ್ಸ್ ಯೋನಾಸನ (1903–1993) ವಿಷಯದಲ್ಲಿ ಈ ಮಾತು ಸಲ್ಲದು. ಆತನು ಡಾಕ್ಟರೇಟ್ ಪ್ರಬಂಧವನ್ನು ಸಿದ್ಧಪಡಿಸಿದುದು 1928ರಲ್ಲಿ. ನೆಲೆಯಾಗಿ ಅಧ್ಯಾಪನಕ್ಕೆ ತೊಡಗಿದುದು ನಲವತ್ತೇಳರ ಆಸುಪಾಸಿನಲ್ಲಿ. ಲೋಕಪ್ರಸಿದ್ಧಿಯನ್ನು ತಂದ ಗ್ರಂಥವನ್ನು ಪ್ರಕಟಿಸಿದುದು ಎಪ್ಪತ್ತಾರರ ವೃದ್ಧಾಪ್ಯದಲ್ಲಿ. ಈ ಅಂತರಗಳಿಗೆ ಕಾರಣ ಆತನ ಆಲಸ್ಯವಲ್ಲ, ಆತನ ಕಾಲದ ಇತಿಹಾಸ.

ಯೋನಾಸನ ಬರಹಗಳನ್ನು ಮೂರು ಭಾಗಗಳಾಗಿ ವಿಂಗಡಿಸುವುದು ವಾಡಿಕೆ: ಪ್ರಾಚೀನ ಧರ್ಮಗಳ ಇತಿಹಾಸ, ಜೀವತತ್ತ್ವದ ವಿಚಾರ, ಕಡೆಗೆ ಆನ್ವಯಿಕ ನೀತಿಶಾಸ್ತ್ರ. ವೈದ್ಯ, ವಿಜ್ಞಾನಿ, ಶಾಸನಕರ್ತ ಮೊದಲಾದವರು ತಮ್ಮ ತಮ್ಮ ಕಾರ್ಯದಲ್ಲಿ ಎದುರಿಸುವ ನೈತಿಕ ಸಮಸ್ಯೆಗಳನ್ನು ವಿಚಾರಿಸುವ ಶಾಖೆಯೇ ಆನ್ವಯಿಕ ನೀತಿಶಾಸ್ತ್ರ. ಮೇಲುನೋಟಕ್ಕೆ ಈ ಮೂರಕ್ಕೂ ಸಂಬಂಧವಿಲ್ಲ. ಆದರೆ ಮನುಷ್ಯನು ಈ ಲೋಕಕ್ಕೆ ಸೇರಿದವನೆ ಅಥವಾ ಇಲ್ಲಿ ಪರಕೀಯನೆ ಎಂಬ ಒಂದೇ ಪ್ರಶ್ನೆ ಮೂರರಲ್ಲಿಯೂ ಹರಿದುಬಂದಿದೆಯೆಂದೂ, ಆ ಪ್ರಶ್ನೆಯನ್ನು ಹರಿತಗೊಳಿಸಿದುದು ಆತನ ವಿದ್ಯಾಜೀವನಕ್ಕೆ ಒದಗಿದ ಭಂಗವೇ ಎಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯೋನಾಸನು 1903ನೆಯ ಇಸವಿ ಮೇ 10ರಂದು ಪಶ್ಚಿಮ ಜರ್ಮನಿಯ ಮ್ಯೋನ್ಶನ್‌ಗ್ಲಾಡ್‌ಬಾಖ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. 1921ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಹುಸ್ಸರ್ಲನು ಪ್ರಾಧ್ಯಾಪಕನಾಗಿದ್ದನು. ತರುಣ ಅಧ್ಯಾಪಕನಾದ ಮಾರ್ಟಿನ್ ಹೈಡೆಗರನು ವಿದ್ಯಾರ್ಥಿಗಳ ಮನಸ್ಸನ್ನು ಸೆಳೆಯತೊಡಗಿದ್ದನು. ಬರ್ಲಿನ್ನಿನಲ್ಲಿಯೂ ವ್ಯಾಸಂಗ ಮಾಡಿ, ಯೋನಾಸನು ಹೈಡೆಗರನನ್ನು ಅನುಸರಿಸಿ ಮಾರ್ಬುರ್ಗ್ ನಗರಕ್ಕೆ ಬಂದನು. ಆಗ ಅಲ್ಲಿ ಓದುತ್ತಿದ್ದ ಹಾನ್ನಾ ಆರೆಂಟಳ ಸ್ನೇಹ ಒದಗಿದುದೂ, ಬೈಬಲ್ಲಿನ ಹೊಸ ಒಡಂಬಡಿಕೆಯ ವಿದ್ವಾಂಸನಾದ ರುಡೋಲ್ಫ್ ಬುಲ್ಟ್‌ಮನ್ನನ ಪರಿಚಯವಾದುದೂ ಮಾರ್ಬುರ್ಗಿನಲ್ಲಿಯೇ. ಡಾಕ್ಟರೇಟ್ ಪ್ರಬಂಧದ ವಿಷಯ ‘ಗ್ನೋಸಿಸ್’ ಎಂಬ ಕಲ್ಪನೆ, ಮಾರ್ಗದರ್ಶಕ ಹೈಡೆಗರ್.

ಗ್ನೋಸಿಸ್ ಎಂಬ ಗ್ರೀಕ್ ಪದವು ನಮ್ಮ ‘ಜ್ಞಾನ’ ಶಬ್ದಕ್ಕೆ ಸೋದರ. ಕ್ರಿಸ್ತಶಕದ ಆದಿಶತಮಾನಗಳಲ್ಲಿ ಪೂರ್ವ ಮೆಡಿಟರೇನಿಯನ್ ಪ್ರದೇಶದಲ್ಲಿ ಹಬ್ಬಿದ್ದ ಹಲವು ಪಂಥಗಳಿಗೆ ಇದೇ ಹೆಸರು. ಈ ಜಗತ್ತು ಪರಮಾತ್ಮನ ಸೃಷ್ಟಿಯಲ್ಲ, ಕೀಳಾದ ಶಕ್ತಿಯೊಂದರ ಕೃತಿ. ಜೀವಾತ್ಮನು ಇಲ್ಲಿ ಸೆರೆಸಿಕ್ಕ ಪರದೇಶಿ. ತನ್ನ ಮೂಲವನ್ನು ಅರಿತು ಇಲ್ಲಿಂದ ಪಾರಾಗುವುದೇ ಮುಕ್ತಿ ಎಂಬುದು ಇವುಗಳ ಸಾರ. ಹೈಡೆಗರನಿಂದ ಕಲಿತ ವಿಶ್ಲೇಷಣ ಕ್ರಮವನ್ನು ಯೋನಾಸನು ಈ ಪ್ರಾಚೀನ ಪಂಥಗಳಿಗೆ ಅನ್ವಯಿಸಿದನು. ಪ್ರಬಂಧದಿಂದ ಬೆಳೆದ ಗ್ರಂಥದ ಮೊದಲ ಸಂಪುಟವು 1934ರಲ್ಲಿ ಗ್ಯೋಟಿಂಗನ್ ನಗರದಲ್ಲಿ ಬುಲ್ಟ್‌ಮನ್ನನ ಮುನ್ನುಡಿಯೊಡನೆ ಪ್ರಕಟವಾಯಿತು. ಅಷ್ಟರಲ್ಲಿ ಗ್ರಂಥಕರ್ತನು ಜರ್ಮನಿಯಲ್ಲಿ ಇರಲಿಲ್ಲ.

1933ರ ಏಪ್ರಿಲ್ 7ರಂದು ಹೊರಟ ಶಾಸನವು ಯೆಹೂದಿಗಳನ್ನು ಸರಕಾರಿ ಸೇವೆಯಿಂದ ಹೊರಹಾಕಿತು. ಜರ್ಮನಿಯ ವಿಶ್ವವಿದ್ಯಾನಿಲಯಗಳು ಸರಕಾರಕ್ಕೆ ಸೇರಿದವಾದುದರಿಂದ ಯೋನಾಸನಿಗೆ ಅಧ್ಯಾಪಕನಾಗುವ ದಾರಿ ಮುಚ್ಚಿತು. ಅದೇ ಏಪ್ರಿಲ್ ತಿಂಗಳಲ್ಲಿ ಹೈಡೆಗರನು ಫ್ರೈಬುರ್ಗಿನ ಕುಲಪತಿ ಪದವಿಗೆ ಆಯ್ಕೆಯಾಗಿ, ಮೇ ತಿಂಗಳ ಮೊದಲಲ್ಲಿ ನಾಜಿ ಪಕ್ಷವನ್ನು ಸೇರಿದನು. ಗುರುವಿನ ಈ ನಡೆ ಯೋನಾಸನಿಗೆ ವೈಯಕ್ತಿಕ ದುಃಖ ಮಾತ್ರವಾಗಿರಲಿಲ್ಲ. ಯುಗದ ಅತ್ಯಂತ ಗಹನವಾದ ಚಿಂತನೆಯೆಂದು ತಾನು ನಂಬಿದ್ದುದು ಇಂಥ ಕಡೆಗೆ ತಿರುಗಲು ಎಡೆಕೊಟ್ಟಿತೆಂದರೆ ಆ ಚಿಂತನೆಯಲ್ಲಿಯೇ ಏನೋ ಕೊರತೆಯಿರಬೇಕೆಂದು ಆತನಿಗೆ ತೋರಿತು. ದೃಢಸಂಕಲ್ಪವನ್ನು ಕೊಂಡಾಡುವ ದರ್ಶನವು ಯಾವುದಕ್ಕಾಗಿ ಸಂಕಲ್ಪಿಸಬೇಕೆಂಬುದನ್ನು ಹೇಳದಿದ್ದರೆ, ಆ ತೆರಪನ್ನು ಯಾರು ಬೇಕಾದರೂ ತುಂಬಬಹುದು. ನೀತಿಶಾಸ್ತ್ರದ ಅಗತ್ಯವು ಯೋನಾಸನಿಗೆ ಮೊದಲು ಕಂಡದ್ದು ಇಲ್ಲಿ ಎಂದರೆ ತಪ್ಪಾಗಲಾರದು.

1933ರಲ್ಲಿ ಲಂಡನ್ನಿಗೆ ಹೋದ ಯೋನಾಸನು 1935ರಲ್ಲಿ ಪ್ಯಾಲೆಸ್ಟೈನಿಗೆ ತೆರಳಿದನು. ಗೆದ್ದ ಸೈನ್ಯದ ಯೋಧನಾಗಿಯಲ್ಲದೆ ಜರ್ಮನಿಗೆ ಹಿಂದಿರುಗುವುದಿಲ್ಲವೆಂಬುದು ಆತನ ಪ್ರತಿಜ್ಞೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯವನ್ನು ಸೇರಿ, 1944ರಲ್ಲಿ ರಚಿತವಾದ ಯೆಹೂದಿ ದಳದೊಡನೆ ಇಟಲಿಯಲ್ಲಿ ಹೋರಾಡಿದನು. 1945ರಲ್ಲಿ ಪ್ರತಿಜ್ಞೆ ನೆರವೇರಿತು. ಆದರೆ ಹುಟ್ಟೂರಿನಲ್ಲಿ ಆತನಿಗೆ ತಿಳಿದುಬಂದುದು ತಾಯಿಯು ಆಶ್ವಿಟ್ಜ್ ಶಿಬಿರದಲ್ಲಿ ಕೊಲೆಯಾಗಿದ್ದಳೆಂಬ ಸುದ್ದಿ. ಆಗ ಆತನು ಬುಲ್ಟ್‌ಮನ್ನನನ್ನೂ ಕಾರ್ಲ್ ಯಾಸ್ಪರ್ಸನನ್ನೂ ಹೋಗಿ ಕಂಡನು, ಹೈಡೆಗರನನ್ನು ಕಾಣಲಿಲ್ಲ.

ಯುದ್ಧದ ವರ್ಷಗಳು ವಿದ್ಯಾದೃಷ್ಟಿಯಿಂದ ವ್ಯರ್ಥವಾದವೆಂದು ಭಾವಿಸುವುದು ಸರಿಯಲ್ಲ. ರಣರಂಗದಲ್ಲಿ ಪುಸ್ತಕ ಭಂಡಾರವಿರಲಿಲ್ಲ. ಪ್ರಾಚೀನ ಗ್ರಂಥಗಳ ಸಂಶೋಧನೆ ಅಲ್ಲಿ ಸಾಧ್ಯವಿರಲಿಲ್ಲ. ಎದುರಿಗೆ ಇದ್ದುದು ಹಸಿವು, ಗಾಯ, ಮರಣಭಯಗಳಿಗೆ ಈಡಾದ ದೇಹ. ಚೈತನ್ಯವನ್ನು ಕುರಿತು ಅಷ್ಟೆಲ್ಲ ಹೇಳಿದ್ದ ತನ್ನ ಗುರುಗಳು ಈ ದೇಹವನ್ನು ಕುರಿತು ಎಷ್ಟು ಕಡಮೆ ಹೇಳಿದ್ದರೆಂಬುದನ್ನು ಆತನು ಗಮನಿಸಿದನು. ಪತ್ನಿ ಲೋರೆಗೆ ಸೇನೆಯಿಂದ ಬರೆದ ಪತ್ರಗಳಲ್ಲಿ ಜೀವಿಯ ಸ್ವರೂಪವನ್ನು ಕುರಿತ ವಿಚಾರವನ್ನು ಬೆಳೆಸತೊಡಗಿದನು. ಅದರ ಫಲವೇ 1966ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ದಿ ಫಿನಾಮಿನನ್ ಆಫ್ ಲೈಫ್’.

ಆ ಗ್ರಂಥದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಕಲ್ಲು ಕಲ್ಲಾಗಿ ಉಳಿಯಲು ಏನನ್ನೂ ಮಾಡಬೇಕಾಗಿಲ್ಲ. ಜೀವಿಯಾದರೋ ಆಹಾರ, ನೀರು, ಗಾಳಿಗಳನ್ನು ಹೊರಗಿನಿಂದ ಪಡೆದು, ತನ್ನ ದ್ರವ್ಯವನ್ನು ಎಡೆಬಿಡದೆ ಬದಲಿಸಿಕೊಂಡರೆ ಮಾತ್ರ ತಾನಾಗಿ ಉಳಿಯುತ್ತದೆ. ದ್ರವ್ಯವು ಬದಲಾದರೂ ರೂಪವು ನಿಲ್ಲುವುದು ಅದರ ಸ್ವಾತಂತ್ರ್ಯ. ಬದಲಿಸಿಕೊಳ್ಳದಿದ್ದರೆ ಅಳಿಯುವುದು ಅದರ ಪಾರತಂತ್ರ್ಯ. ಆದುದರಿಂದ ಅತ್ಯಂತ ಸಣ್ಣ ಜೀವಿಗೂ ತನ್ನ ಇರವು ಬೇಕಾದುದು. ‘ಬೇಕು’ ಎಂಬುದು ಮನುಷ್ಯನು ಜಡಪ್ರಕೃತಿಯ ಮೇಲೆ ಆರೋಪಿಸಿದ ಭಾವವಲ್ಲ, ಪ್ರಕೃತಿಯಲ್ಲಿಯೇ ಮೂಡಿದ್ದು. ಹಾಗಾದರೆ ಮನುಷ್ಯನು ಲೋಕದಲ್ಲಿ ಪರದೇಶಿಯಲ್ಲ. 1952ರ ಪ್ರಬಂಧವೊಂದರಲ್ಲಿ ಯೋನಾಸನು ಗ್ನೋಸ್ಟಿಕ್ ಪಂಥಗಳನ್ನು ಆಧುನಿಕ ಅಸ್ತಿತ್ವವಾದದೊಡನೆ ಹೋಲಿಸಿ, ಎರಡರಲ್ಲಿಯೂ ಮನುಷ್ಯನು ಪ್ರಕೃತಿಯಿಂದ ಬೇರ್ಪಟ್ಟಿರುವುದನ್ನು ತೋರಿಸಿದ್ದನು. ಜೀವತತ್ತ್ವ ವಿಚಾರವು ಆ ಬಿರುಕಿಗೆ ಆತನು ಕೊಟ್ಟ ಉತ್ತರ.

ಈ ನಡುವೆ ಆತನ ಉದ್ಯೋಗಜೀವನವೂ ನೆಲೆಗಂಡಿತು. 1948ರ ಇಸ್ರೇಲಿನ ಯುದ್ಧದಲ್ಲಿ ಮತ್ತೆ ಸೇವೆಸಲ್ಲಿಸಿ, 1949ರಲ್ಲಿ ಕೆನಡಾಕ್ಕೆ ಹೋದನು. ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ಒಟ್ಟಾವದ ಕಾರ್ಲ್ಟನ್ ಕಾಲೇಜಿನಲ್ಲಿಯೂ ಕೆಲಸಮಾಡಿ, 1955ರಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲ್ ಸಂಸ್ಥೆಯನ್ನು ಸೇರಿದನು. ಹಿಟ್ಲರನ ಕಾಲದಲ್ಲಿ ಯೂರೋಪಿನಿಂದ ಓಡಿಬಂದ ಅನೇಕ ವಿದ್ವಾಂಸರಿಗೆ ಆಶ್ರಯವಿತ್ತ ಸಂಸ್ಥೆಯದು. ಅಲ್ಲಿ 1976ರವರೆಗೆ ಪಾಠಹೇಳಿದನು.

ಆನ್ವಯಿಕ ನೀತಿಶಾಸ್ತ್ರಕ್ಕೆ ಆತನು ನೇರವಾಗಿ ಕೈಹಾಕಿದುದು ವೈದ್ಯಕೀಯದ ಮೂಲಕ. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಮಿದುಳಿನ ಕ್ರಿಯೆ ಸಂಪೂರ್ಣವಾಗಿ ನಿಂತುಹೋದುದನ್ನು ಮರಣವೆಂದು ಪರಿಗಣಿಸಬಹುದೆಂದು ಸೂಚಿಸಿತು. ಅಂಥ ರೋಗಿಗೆ ಯಂತ್ರದಿಂದ ಉಸಿರಾಡಿಸುವುದನ್ನು ನಿಲ್ಲಿಸಲು ಯೋನಾಸನ ಆಕ್ಷೇಪಣೆಯಿರಲಿಲ್ಲ. ಆದರೆ ಸಾವು ಬದುಕುಗಳ ಗಡಿ ಖಚಿತವಾಗಿ ತಿಳಿಯದಿರುವಾಗ, ಇತರರಿಗೆ ಅಂಗಗಳು ಬೇಕೆಂಬ ಪ್ರಯೋಜನವು ಮರಣದ ಲಕ್ಷಣವನ್ನು ನಿರ್ಣಯಿಸಬಾರದೆಂದು ವಾದಿಸಿದನು. ಈ ವಾದವು ವೈದ್ಯಲೋಕದಲ್ಲಿ ಗೆಲ್ಲಲಿಲ್ಲ. ಮನುಷ್ಯರ ಮೇಲೆ ನಡೆಸುವ ವೈದ್ಯಕೀಯ ಪ್ರಯೋಗಗಳನ್ನು ಕುರಿತು 1969ರಲ್ಲಿ ಪ್ರಕಟವಾದ ಆತನ ಪ್ರಬಂಧವಂತೂ ಈ ಕ್ಷೇತ್ರದಲ್ಲಿ ಮಾನ್ಯವಾಯಿತು. ಪ್ರಯೋಗದ ಉದ್ದೇಶವನ್ನು ಚೆನ್ನಾಗಿ ಬಲ್ಲ ಸಂಶೋಧಕರೇ ಮೊದಲು ತಮ್ಮನ್ನು ಒಪ್ಪಿಸಿಕೊಳ್ಳಬೇಕು. ತಿಳಿವಳಿಕೆಯೂ ನಿರಾಕರಿಸುವ ಶಕ್ತಿಯೂ ಕಡಮೆಯಾದಷ್ಟು ಆ ಜನರನ್ನು ಬಳಸಿಕೊಳ್ಳಲು ಹಿಂಜರಿಯಬೇಕು ಎಂಬುದು ಅದರ ಮುಖ್ಯಾಂಶ. ಬಡವರೂ ಸೆರೆಯಾಳುಗಳೂ ಸುಲಭವಾಗಿ ದೊರೆಯುವರೆಂಬ ಕಾರಣಕ್ಕೆ ಪ್ರಯೋಗವಸ್ತುಗಳಾಗುವ ಪದ್ಧತಿಗೆ ಇದು ನೇರವಾಗಿ ವಿರುದ್ಧ.

ವೈದ್ಯಕೀಯದಿಂದ ತಂತ್ರವಿಜ್ಞಾನದ ಸಮಗ್ರ ಸಮಸ್ಯೆಗೆ ಸಾಗಿದುದರ ಫಲ 1979ರ ‘ದಾಸ್ ಪ್ರಿನ್ಸಿಪ್ ಫೆರಾಂಟ್‌ವೋರ್ಟುಂಗ್’, ಎಂದರೆ ಹೊಣೆಗಾರಿಕೆಯ ತತ್ತ್ವ. ದಶಕಗಳ ಕಾಲ ಇಂಗ್ಲಿಷಿನಲ್ಲಿ ಪಾಠಹೇಳಿದವನು ಈ ಗ್ರಂಥವನ್ನು ಮಾತೃಭಾಷೆಯಲ್ಲಿ ಬರೆದನು. ವಯಸ್ಸಾದುದರಿಂದ ಪರಭಾಷೆಯಲ್ಲಿ ಬರೆಯಲು ಬೇಕಾಗುವಷ್ಟು ಕಾಲ ತನಗಿಲ್ಲವೆಂಬುದು ಆತನು ಕೊಟ್ಟ ಕಾರಣ. ಹಿಂದಿನ ನೀತಿಶಾಸ್ತ್ರವು ನೆರೆಯವನ ಹಾಗೂ ಸಮಕಾಲೀನರ ನಡುವಣ ವ್ಯವಹಾರವನ್ನು ಕುರಿತದ್ದು. ಇಂದಿನ ಮನುಷ್ಯನ ಕೃತ್ಯಗಳ ಪರಿಣಾಮವಾದರೋ ಇನ್ನೂ ಹುಟ್ಟದವರನ್ನು ಮುಟ್ಟುತ್ತದೆ. ಅವರಿಗೆ ಮತವಿಲ್ಲ, ದೂರು ಕೊಡುವ ನಾಲಗೆಯಿಲ್ಲ. ಆದುದರಿಂದ ಭೂಮಿಯ ಮೇಲೆ ಮನುಷ್ಯೋಚಿತವಾದ ಬದುಕು ಮುಂದುವರಿಯಲು ಬಾಧೆಯಾಗದಂತೆ ನಡೆಯುವುದು ಮೊದಲ ಕರ್ತವ್ಯ. ಶುಭಾಶುಭಗಳೆರಡೂ ಸಂಭಾವ್ಯವಾದಾಗ ಅಶುಭದ ಮುನ್ಸೂಚನೆಗೆ ಹೆಚ್ಚು ಬೆಲೆ ಕೊಡತಕ್ಕದ್ದು ಎಂದು ಆತನ ಮತ. ಹೊಣೆಗಾರಿಕೆಗೆ ಆತನು ಕೊಡುವ ಮೂಲನಿದರ್ಶನ ಹಸುಗೂಸು. ಅದು ಉಸಿರಾಡುತ್ತಿರುವುದೇ ಕಂಡವರಿಗೆ ಕರ್ತವ್ಯವನ್ನು ವಿಧಿಸುತ್ತದೆ. ಜೀವಿಗೆ ತನ್ನ ಇರವು ಬೇಕು ಎಂಬ 1966ರ ವಿಚಾರವೇ ಇಲ್ಲಿ ನೀತಿಯಾಗಿ ಮಾರ್ಪಟ್ಟಿದೆ.

ಈ ಸಿದ್ಧಾಂತವು ನಿರ್ವಿವಾದವಾದುದಲ್ಲ. ‘ಇದೆ’ ಎಂಬುದರಿಂದ ‘ಆಗಬೇಕು’ ಎಂಬುದನ್ನು ಸಾಧಿಸಲಾಗದೆಂಬ ಹಳೆಯ ಆಕ್ಷೇಪಣೆ ಇದಕ್ಕೂ ಅನ್ವಯಿಸುತ್ತದೆ. ಅಲ್ಲದೆ, ದೂರದ ಹಿತಕ್ಕಾಗಿ ಜನರು ಇಂದಿನ ಸುಖವನ್ನು ತಾವಾಗಿಯೇ ಬಿಟ್ಟುಕೊಡುವರೆಂಬ ಭರವಸೆ ಯೋನಾಸನಿಗೆ ಅಷ್ಟಾಗಿ ಇರಲಿಲ್ಲ. ಪ್ರಜಾಪ್ರಭುತ್ವದ ಸಾಮರ್ಥ್ಯವನ್ನು ಸಂದೇಹಿಸುವ ಆತನ ಪುಟಗಳನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಸರ್ವಾಧಿಕಾರದಿಂದ ಅಷ್ಟು ನೊಂದವನ ಗ್ರಂಥದಲ್ಲಿ ಈ ಅಂಶವಿರುವುದು ವಿಚಾರಾರ್ಹ. ಸಮಸ್ಯೆಯ ತೀವ್ರತೆಯನ್ನು ಆತನು ಎಷ್ಟು ಸ್ಪಷ್ಟವಾಗಿ ಕಂಡನೋ, ಅದನ್ನು ಪರಿಹರಿಸಬೇಕಾದ ರಾಜಕೀಯ ಮಾರ್ಗವನ್ನು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವೆಂದು ಹೇಳಬೇಕಾಗುತ್ತದೆ.

ಹೊರದೂಡಿದ ದೇಶವು ಕಡೆಗೆ ಆತನನ್ನು ಮನ್ನಿಸಿತು. 1982–83ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯವು ಸಂದರ್ಶಕ ಪ್ರಾಧ್ಯಾಪಕನಾಗಿ ಕರೆಸಿಕೊಂಡಿತು. 1987ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಬಂದಿತು. 1993ರ ಫೆಬ್ರವರಿ 5ರಂದು ಯೋನಾಸನು ನ್ಯೂಯಾರ್ಕ್ ಬಳಿಯ ನ್ಯೂ ರೊಷೆಲ್‌ನಲ್ಲಿ ತೀರಿಕೊಂಡನು. ಮರುವರ್ಷ ಜರ್ಮನಿಯ ಸಂವಿಧಾನಕ್ಕೆ, ಮುಂದಿನ ಪೀಳಿಗೆಗಳ ಹೊಣೆಯನ್ನು ಹೊತ್ತು ಜೀವಾಧಾರವಾದ ಪ್ರಕೃತಿಯನ್ನು ರಾಜ್ಯವು ರಕ್ಷಿಸಬೇಕೆಂಬ ವಿಧಿ ಸೇರಿತು. ಅದನ್ನು ಆಧರಿಸಿ 2021ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಹವಾಮಾನ ಶಾಸನದ ಕೆಲವು ಭಾಗಗಳನ್ನು ತಿದ್ದಬೇಕೆಂದು ತೀರ್ಪಿತ್ತಿತು. ಇವೆಲ್ಲ ಒಂದೇ ಗ್ರಂಥದ ಪ್ರಭಾವವೆನ್ನುವುದು ಉಚಿತವಲ್ಲ. ಆದರೆ ಹುಟ್ಟದವರ ಹಕ್ಕಿನ ಪ್ರಶ್ನೆಯು ನ್ಯಾಯಾಲಯದ ವಿಚಾರಣೆಗೆ ಯೋಗ್ಯವೆನಿಸುವಂತೆ ಜನರ ಮನಸ್ಸನ್ನು ಹದಗೊಳಿಸಿದವರಲ್ಲಿ ಯೋನಾಸನೂ ಒಬ್ಬನು.

ಆನ್ವಯಿಕ ನೀತಿಶಾಸ್ತ್ರವನ್ನು ತತ್ತ್ವಶಾಸ್ತ್ರದ ಕೊನೆಗೆ ಸೇರಿಸಿದ ಅನುಬಂಧವೆಂಬಂತೆ ಕಲಿಸುವುದುಂಟು. ಯೋನಾಸನ ಜೀವನವು ಬೇರೊಂದು ಕ್ರಮವನ್ನು ಸೂಚಿಸುತ್ತದೆ. ವಿದ್ಯಾರ್ಥಿಗಳು 1969ರ ವೈದ್ಯಕೀಯ ಪ್ರಬಂಧವನ್ನು ಮೊದಲು ಓದಿ, ಅಲ್ಲಿ ಏಳುವ ಸಂದೇಹಗಳೊಡನೆ ಜೀವತತ್ತ್ವದ ಗ್ರಂಥಕ್ಕೂ, ಆಮೇಲೆ ಹೊಣೆಗಾರಿಕೆಯ ಗ್ರಂಥಕ್ಕೂ ಹೋಗುವುದು ಲೇಸು. ಹಾಗೆ ಓದಿದವರಿಗೆ ಆಸ್ಪತ್ರೆಯ ಹಾಸಿಗೆಯ ಬಳಿ ಏಳುವ ಪ್ರಶ್ನೆಗೂ ಲೋಕದಲ್ಲಿ ಮನುಷ್ಯನ ಸ್ಥಾನವನ್ನು ಕುರಿತ ಪ್ರಶ್ನೆಗೂ ಇರುವ ನಂಟು ತಾನಾಗಿಯೇ ಗೋಚರವಾಗುವುದು.