ಖಾಲಿ ಸೈಟು ಅರ್ಜೆಂಟಾಗಿ ಮಾರ್ತಿದ್ದೀರಾ? ‘ರೆಡಿ ಕ್ಯಾಶ್’ ಪಾರ್ಟಿ ಕೈಗೆ ಕಾಗದ ಕೊಡೋ ಮುಂಚೆ ಇದನ್ನ ಓದಿ

ಮಗಳ ಮದುವೆ ಗೊತ್ತಾಗಿರುತ್ತೆ. ಇಲ್ಲಾ ಅಂಗಡಿಗೆ ತಂದ ಮಾಲಿನ ಸಾಲ ಕುತ್ತಿಗೆಗೆ ಬಂದಿರುತ್ತೆ. ಇಲ್ಲಾ ಮನೇಲಿ ಯಾರೋ ಆಸ್ಪತ್ರೆ ಸೇರಿರ್ತಾರೆ. ಆಗ ನೆನಪಾಗೋದು ಊರಾಚೆ ಇರೋ ಆ 30-40 ಸೈಟು. ಹೋಟೆಲ್ ಹತ್ರ ಒಂದು ಮಾತು ಬಿಟ್ಟರೆ ಸಾಕು, ಸಂಜೆಗೆ ಬ್ರೋಕರ್ ಫೋನು: ‘ಅಣ್ಣ, ಪಾರ್ಟಿ ರೆಡಿ ಇದೆ, ಕ್ಯಾಶ್ ಕೈಲೇ ಇದೆ, ನಾಳೆ ಬೇಕಾದ್ರೂ ಅಗ್ರಿಮೆಂಟ್ ಮಾಡೋಣ.’

ಕ್ಯಾಶ್ ಪಾರ್ಟಿ ಅಂದ್ರೆ ಎಲ್ಲರೂ ಮೋಸಗಾರರು ಅಂತಲ್ಲ. ಬ್ಯಾಂಕ್ ಲೋನ್ ಕಾಯದೆ ಸ್ವಂತ ದುಡ್ಡಲ್ಲಿ ತಗೊಳ್ಳೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಅವರಿಂದ ಕೆಲಸ ಬೇಗನೂ ಆಗುತ್ತೆ. ಆದ್ರೆ ಅರ್ಜೆಂಟ್ ಇರೋದು ಮಾರೋರಿಗೆ, ತಗೊಳ್ಳೋರಿಗಲ್ಲ. ಅದು ಎದುರಿಗಿರೋರಿಗೆ ಗೊತ್ತಾದ ಕೂಡಲೇ ರೇಟು ಇಳಿಯೋಕೆ ಶುರು.

ಮೊದಲು ಕಾಗದ, ಆಮೇಲೆ ಬ್ರೋಕರ್

ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಕೂರೋ ಪತ್ರ ಬರಹಗಾರರನ್ನ ಕೇಳಿ ನೋಡಿ. ಸೇಲ್ ತಡ ಆಗೋದು ಪಾರ್ಟಿ ಸಿಗದೆ ಅಲ್ಲ, ಕಾಗದ ಸರಿ ಇಲ್ಲದೆ. ಈಗ ಇ-ಖಾತಾ ಇಲ್ಲದೆ ಸೈಟು ರಿಜಿಸ್ಟರ್ ಆಗಲ್ಲ. ಪುರಸಭೆ, ನಗರಸಭೆ ವ್ಯಾಪ್ತೀಲಿ ಇದ್ರೆ ಇ-ಆಸ್ತಿ, ಗ್ರಾಮ ಪಂಚಾಯಿತಿ ಆದ್ರೆ ಇ-ಸ್ವತ್ತು. ಪಂಚಾಯಿತೀಲಿ ನಮೂನೆ 9 ಮತ್ತು 11ಎ ಇದ್ದರೆ ನೆಮ್ಮದಿ. ನೋಂದಣಿ ಇಲಾಖೆಯ ಕಾವೇರಿ 2.0 ಸಾಫ್ಟ್‌ವೇರ್ ಇ-ಖಾತಾದಲ್ಲಿ ಇರೋ ಮಾಹಿತಿಯನ್ನೇ ಎಳೆದುಕೊಳ್ಳುತ್ತೆ. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದ್ರೆ ಕೆಲಸ ಅಲ್ಲೇ ನಿಂತುಬಿಡುತ್ತೆ. ಪೌತಿ ಖಾತೆ ಮಾಡಿಸಿಕೊಂಡೇ ಮುಂದಕ್ಕೆ ಹೋಗಬೇಕು.

ಇದರ ಜೊತೆಗೆ ಮೂಲ ಕ್ರಯಪತ್ರ ಅಥವಾ ಹಕ್ಕುಪತ್ರ, ಇಸಿ, ಈ ವರ್ಷದ ಕಂದಾಯ ಕಟ್ಟಿದ ರಸೀದಿ, ಲೇಔಟ್ ಆಗಿದ್ರೆ ಅಲಿನೇಷನ್ ಆದೇಶ ಮತ್ತು ಅಪ್ರೂವಲ್ ನಕ್ಷೆ, ಪಿತ್ರಾರ್ಜಿತ ಆಗಿದ್ರೆ ವಂಶವೃಕ್ಷ. ಇಸಿಯನ್ನ ಕಾವೇರಿಯಲ್ಲೇ ಅರ್ಜಿ ಹಾಕಿ ತಗೋಬಹುದು. ವ್ಯವಹಾರ ನಡೆದಿದ್ರೆ ನಮೂನೆ 15ರಲ್ಲಿ, ಏನೂ ನಡೆದಿಲ್ಲ ಅಂದ್ರೆ ನಮೂನೆ 16ರಲ್ಲಿ ಬರುತ್ತೆ. ಹಿಂದೆ ಸೊಸೈಟೀಲಿ ಅಡ ಇಟ್ಟು ಸಾಲ ತೀರಿಸಿದ್ದೀರಾ? ಅಡಮಾನ ಇನ್ನೂ ಇಸಿಯಲ್ಲಿ ಕಾಣ್ತಿದ್ರೆ ಮೊದಲು ಅದನ್ನ ವಜಾ ಮಾಡಿಸಿ.

ಈ ಫೈಲು ರೆಡಿ ಇದ್ರೆ ರೇಟು ಯಾಕೆ ಏರುತ್ತೆ ಅಂದ್ರೆ, ಆಗ ಬ್ಯಾಂಕ್ ಲೋನ್ ತಗೊಂಡು ಕೊಳ್ಳೋ ಮೇಷ್ಟ್ರು, ಸರ್ಕಾರಿ ನೌಕರರೂ ನಿಮ್ಮ ಸೈಟಿಗೆ ಬರ್ತಾರೆ. ಕಾಗದ ಅರ್ಧಂಬರ್ಧ ಇರೋ ಸೈಟಿಗೆ, 11ಬಿ ಇಲ್ಲಾ ಬಿ-ಖಾತಾ ಸೈಟಿಗೆ, ಲೋನ್ ಸಿಗೋದು ಕಷ್ಟ. ಹಾಗಾಗಿ ಅಂಥದ್ದಕ್ಕೆ ಬರೋದು ಕ್ಯಾಶ್ ಪಾರ್ಟಿ ಮಾತ್ರ. ಅವರಿಗೂ ಇದು ಗೊತ್ತು. ಹದಿನೈದು ದಿನ ಪಂಚಾಯಿತಿಗೆ ಓಡಾಡಿದ್ರೆ ಉಳಿಯೋ ದುಡ್ಡು ಸಣ್ಣದಲ್ಲ.

ಅಕ್ಕ-ತಂಗಿಯರ ಸಹಿ

ಜಗಳ ಜಾಸ್ತಿ ಹುಟ್ಟೋದೇ ಇಲ್ಲಿ. ಸ್ವಯಾರ್ಜಿತ ಅಂದ್ರೆ ನೀವೊಬ್ಬರೇ ಮಾರಬಹುದು. ಪಿತ್ರಾರ್ಜಿತ ಅಂದ್ರೆ ಹಾಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಪ್ಪ ಆ ದಿನಕ್ಕಿಂತ ಮೊದಲೇ ತೀರಿಹೋಗಿದ್ರೂ ಈ ಹಕ್ಕು ಹೋಗಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಮದುವೇಲಿ ಒಡವೆ ಕೊಟ್ಟಿದ್ದೀವಲ್ಲ’ ಅನ್ನೋ ಮಾತು ಕೋರ್ಟಲ್ಲಿ ನಡೆಯಲ್ಲ. ಅಕ್ಕ-ತಂಗಿಯರಿಗೆ ಹೇಳದೆ ಬೇಗ ಮಾರಿಬಿಡೋಣ ಅಂತ ಹೊರಟರೆ ಇಂಜಂಕ್ಷನ್ ಆರ್ಡರ್ ಬೇಗ ಬರುತ್ತೆ. ಅವರನ್ನ ಕರೆದು, ಪಾಲು ಮಾತಾಡಿ, ಪತ್ರದಲ್ಲಿ ಸಹಿ ಹಾಕಿಸಿ.

ಕ್ಯಾಶಲ್ಲಿ ಎಷ್ಟು ತಗೋಬಹುದು?

20 ಸಾವಿರಕ್ಕಿಂತ ಕಡಿಮೆ. ಅಷ್ಟೇ. 2015ರ ಜೂನ್ 1ರಿಂದ ಆದಾಯ ತೆರಿಗೆ ನಿಯಮ ಇದು. ಸ್ಥಿರಾಸ್ತಿ ಮಾರಾಟಕ್ಕೆ ಸಂಬಂಧಪಟ್ಟಂತೆ ಅಡ್ವಾನ್ಸ್ ಆಗ್ಲಿ, ಪೂರ್ತಿ ಮೊತ್ತ ಆಗ್ಲಿ, 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಂಡ್ರೆ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಗಮನಿಸಿ, ದಂಡ ಬೀಳೋದು ತಗೊಂಡವರಿಗೆ, ಅಂದ್ರೆ ಮಾರಿದ ನಿಮಗೆ. ಕೊಟ್ಟ ಪಾರ್ಟಿಗಲ್ಲ. ಇಬ್ಬರಿಗೂ ಕೃಷಿ ಆದಾಯ ಇದ್ದು, ತೆರಿಗೆ ಬೀಳೋ ಬೇರೆ ಆದಾಯ ಇಬ್ಬರಿಗೂ ಇಲ್ಲದಿದ್ರೆ ಮಾತ್ರ ವಿನಾಯಿತಿ. ಅಂಗಡಿ ಇಟ್ಟುಕೊಂಡೋರಿಗೆ ಇದು ಸಿಗೋದು ಕಷ್ಟ.

ಇನ್ನೊಂದು ವಿಷಯ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆಸ್ತಿಯೊಂದರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಗ್ರಿಮೆಂಟ್ ಮೇಲೆ 75 ಲಕ್ಷ ನಗದಾಗಿ ಕೊಟ್ಟಿದ್ದೀವಿ ಅಂತ ಒಬ್ಬರ ವಾದ. ಕೋರ್ಟು ಆ ದಾವೆಯನ್ನೇ ತಳ್ಳಿಹಾಕಿ, 2 ಲಕ್ಷ ಮತ್ತು ಮೇಲ್ಪಟ್ಟ ನಗದು ವ್ಯವಹಾರದ ಮಾತು ದಾವೆಯಲ್ಲಿ ಬಂದ್ರೆ ಕೋರ್ಟುಗಳು, ಪತ್ರದಲ್ಲಿ ಬಂದ್ರೆ ಸಬ್ ರಿಜಿಸ್ಟ್ರಾರ್, ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ ಆದೇಶ ಮಾಡಿತು.

ವೈಟು-ಬ್ಲ್ಯಾಕು ಲೆಕ್ಕ

ಪಾರ್ಟಿ ಹೇಳೋದು ಹೀಗೆ: ‘15 ಲಕ್ಷಕ್ಕೆ ಮಾತಾಗಿದೆ, ಪತ್ರದಲ್ಲಿ ಸರ್ಕಾರಿ ಬೆಲೆ 12 ಲಕ್ಷ ತೋರಿಸೋಣ, 3 ಲಕ್ಷ ಕೈಗೆ. ಇಬ್ಬರಿಗೂ ಉಳಿತಾಯ.’ ಲೆಕ್ಕ ಹಾಕಿ ನೋಡೋಣ.

ಸೈಟನ್ನ ನೀವು 2012ರಲ್ಲಿ 4 ಲಕ್ಷಕ್ಕೆ ತಗೊಂಡಿದ್ರಿ ಅಂತ ಇಟ್ಕೊಳ್ಳಿ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರಿಂದ ದೀರ್ಘಾವಧಿ ಲಾಭ, ತೆರಿಗೆ 12.5 ಪರ್ಸೆಂಟ್. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ರೆ ಹಣದುಬ್ಬರದ ಲೆಕ್ಕ ಹಿಡಿದು 20 ಪರ್ಸೆಂಟ್ ಕಟ್ಟೋ ಆಯ್ಕೆಯೂ ಉಂಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. 12.5 ಪರ್ಸೆಂಟ್ ಲೆಕ್ಕವನ್ನೇ ಹಿಡಿದ್ರೆ, 15 ಲಕ್ಷ ಪೂರ್ತಿ ತೋರಿಸಿದಾಗ ಲಾಭ 11 ಲಕ್ಷ, ತೆರಿಗೆ 1,37,500. ಅದೇ ಲೆಕ್ಕದಲ್ಲಿ 12 ಲಕ್ಷ ತೋರಿಸಿದ್ರೆ ಲಾಭ 8 ಲಕ್ಷ, ತೆರಿಗೆ 1 ಲಕ್ಷ. ಸೆಸ್ ಬೇರೆ. ಅಂದ್ರೆ ನಿಮಗೆ ಉಳಿಯೋದು ಸುಮಾರು 37,500 ರೂಪಾಯಿ. ಸಿಕ್ಕಿಬಿದ್ರೆ ದಂಡ 3 ಲಕ್ಷ. ಆ 3 ಲಕ್ಷ ಬ್ಯಾಂಕಿಗೆ ಹಾಕೋಕೂ ಭಯ, ಮನೇಲಿ ಇಟ್ಟುಕೊಳ್ಳೋಕೂ ಭಯ. ಪಾರ್ಟಿ ಕೊಡದೇ ಹೋದ್ರೆ ಕೇಳೋಕೆ ಕಾಗದವೂ ಇಲ್ಲ.

ಪಾರ್ಟಿಗೆ ಎಷ್ಟು ಉಳಿಯುತ್ತೆ? ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ 31ರಿಂದ 1ರಿಂದ 2 ಪರ್ಸೆಂಟಿಗೆ ಏರಿದೆ. ಎಲ್ಲಾ ಸೇರಿ ಹತ್ತಿರಹತ್ತಿರ 7.6 ಪರ್ಸೆಂಟ್. 3 ಲಕ್ಷದ ಮೇಲೆ ಸುಮಾರು 23 ಸಾವಿರ. ಅವರಿಗೆ ದಂಡದ ಭಯ ಇಲ್ಲದೆ 23 ಸಾವಿರ, ನಿಮಗೆ 3 ಲಕ್ಷದ ರಿಸ್ಕ್ ಮೇಲೆ 37 ಸಾವಿರ. ಇದನ್ನ ಉಳಿತಾಯ ಅಂತ ಯಾರು ಹೆಸರಿಟ್ಟರೋ ಗೊತ್ತಿಲ್ಲ.

ತೆರಿಗೆ ಜಾಸ್ತಿ ಅನ್ಸಿದ್ರೆ ನೇರ ದಾರಿ ಇದೆ. ಬಂದ ದುಡ್ಡಲ್ಲಿ ಎರಡು ವರ್ಷದೊಳಗೆ ಮನೆ ಕೊಂಡ್ರೆ ಅಥವಾ ಮೂರು ವರ್ಷದೊಳಗೆ ಕಟ್ಟಿದ್ರೆ, ಇಲ್ಲಾ ಆರು ತಿಂಗಳೊಳಗೆ ಸರ್ಕಾರ ಗೊತ್ತು ಮಾಡಿದ ಬಾಂಡಲ್ಲಿ ಹಾಕಿದ್ರೆ, ಷರತ್ತಿನ ಮೇಲೆ ವಿನಾಯಿತಿ ಸಿಗುತ್ತೆ. ನಿಮ್ಮ ಜಿಎಸ್‌ಟಿ ನೋಡೋ ಆಡಿಟರ್‌ಗೇ ಒಂದು ಮಾತು ಕೇಳಿ.

ಅಗ್ರಿಮೆಂಟ್ ಅನ್ನೋ ಬಲೆ

ಇದನ್ನ ನಮ್ಮ ಮನೇಲೇ ನೋಡಿದ್ದೀನಿ. ನಮ್ಮ ದೊಡ್ಡಪ್ಪ ಸೈಟು ಮಾರೋಕೆ ಹೊರಟಾಗ ಒಂದು ಪಾರ್ಟಿ ಬಂದು ಒಂದೇ ದಿನಕ್ಕೆ ಒಪ್ಪಿಕೊಂಡಿತು. 1 ಲಕ್ಷ ಅಡ್ವಾನ್ಸ್, ಛಾಪಾ ಕಾಗದದ ಮೇಲೆ 11 ತಿಂಗಳ ಅಗ್ರಿಮೆಂಟ್. ‘ಎರಡು ತಿಂಗಳಲ್ಲೇ ರಿಜಿಸ್ಟರ್ ಮಾಡ್ಕೋತೀವಿ, 11 ಅಂತ ಸುಮ್ನೆ ಫಾರ್ಮಾಲಿಟಿಗೆ’ ಅಂದ್ರು. ದೊಡ್ಡಪ್ಪ ನಂಬಿದ್ರು. ಆಪರೇಷನ್ನಿಗೆ ಬೇಕಾಗಿದ್ದ ದುಡ್ಡು, ಬೇರೆ ಯೋಚನೆ ಮಾಡೋ ಸ್ಥಿತೀಲಿ ಇರ್ಲಿಲ್ಲ.

ಎರಡು ತಿಂಗಳಾಯ್ತು, ಐದಾಯ್ತು. ಪಾರ್ಟಿ ಫೋನ್ ಎತ್ತಲ್ಲ. ಆಮೇಲೆ ಗೊತ್ತಾಯ್ತು, ಅವರಿಗೆ ಸೈಟು ಬೇಕಾಗಿರಲೇ ಇಲ್ಲ. ನಮ್ಮ ಅಗ್ರಿಮೆಂಟ್ ಜೆರಾಕ್ಸ್ ಹಿಡ್ಕೊಂಡು ಹೆಚ್ಚಿನ ರೇಟಿಗೆ ಬೇರೆ ಗಿರಾಕಿ ಹುಡುಕ್ತಿದ್ರು. ದೊಡ್ಡಪ್ಪ ಆಪರೇಷನ್ನಿಗೆ ಬಡ್ಡಿ ಸಾಲ ತಂದ್ರು. ಇನ್ನೊಬ್ಬರಿಗೆ ಮಾರೋಕೆ ಹೋದಾಗ ಲಾಯರ್ ನೋಟಿಸ್ ಬಂತು. ಕೊನೆಗೆ ಊರ ಹಿರಿಯರು ಕೂತು, 1 ಲಕ್ಷಕ್ಕೆ 2 ಲಕ್ಷ ವಾಪಸ್ ಕೊಟ್ಟು ಕಾಗದ ಬಿಡಿಸ್ಕೊಂಡ್ವಿ.

ಇಂಥ ನೋಟಿಸಿಗೆ ಯಾಕೆ ಹೆದರಬೇಕು ಅಂದ್ರೆ, ಅಗ್ರಿಮೆಂಟಲ್ಲಿ ಹೇಳಿದ ದಿನದಿಂದ ಮೂರು ವರ್ಷದವರೆಗೂ ‘ನನಗೇ ಕ್ರಯ ಮಾಡಿಕೊಡಲಿ’ ಅಂತ ಪಾರ್ಟಿ ದಾವೆ ಹಾಕಬಹುದು. ಅಲ್ಲೀತನಕ ಸೈಟು ಸಿಕ್ಕಿಹಾಕಿಕೊಂಡ ಹಾಗೇ. ಹಾಗಾಗಿ ಅರ್ಜೆಂಟ್ ಇದ್ದೋರು ಅಗ್ರಿಮೆಂಟ್ ಅವಧಿಯನ್ನ 30 ಇಲ್ಲಾ 45 ದಿನಕ್ಕೆ ನಿಲ್ಲಿಸಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಬರಲಿ, ಸಣ್ಣದಾಗಿ ಬೇಡ. ಸಣ್ಣ ಅಡ್ವಾನ್ಸ್ ಕೊಟ್ಟವರಿಗೆ ಬಿಟ್ಟು ಹೋಗೋದು ಸುಲಭ. ಅವಧಿ ಮುಗಿದ್ರೆ ಏನು, ಅಡ್ವಾನ್ಸ್ ಎಷ್ಟು ಮುಟ್ಟುಗೋಲು, ಪಾರ್ಟಿ ಬೇರೆಯವರ ಹೆಸರಿಗೆ ಬರೆಸಬಹುದಾ ಇಲ್ವಾ, ಎಲ್ಲಾ ಅದರಲ್ಲೇ ಬರಲಿ. ಸ್ವಾಧೀನ ಕೊಟ್ಟಿದ್ದೀವಿ ಅಂತ ಮಾತ್ರ ಬರೆಸಬೇಡಿ. ಹಾಗೆ ಬರೆದ್ರೆ ಕ್ರಯಪತ್ರದಷ್ಟೇ ಸ್ಟ್ಯಾಂಪ್ ಡ್ಯೂಟಿ ಬೀಳುತ್ತೆ, ಮೇಲಾಗಿ ಬೇಲಿ ಹಾಕಿ ಕೂತರೆ ಎಬ್ಬಿಸೋದು ಯಾರು?

ಜಿಪಿಎ ಕೇಳಿದ್ರೆ ಬೇಡ ಅನ್ನಿ. ಜಿಪಿಎ ಮೇಲೆ ಮಾಲೀಕತ್ವ ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ರೂ ನಿಮ್ಮ ಹೆಸರಲ್ಲಿ ಯಾರಿಗೋ ಸಹಿ ಹಾಕೋ ಅಧಿಕಾರ ಅದರಿಂದ ಹೋಗುತ್ತೆ.

ಬ್ರೋಕರ್ ವಿಷಯದಲ್ಲೂ ಒಂದು ಮಾತು. ‘ನಿಮಗೆಷ್ಟು ಬೇಕು ಹೇಳಿ, ಮೇಲಿಂದು ನಮ್ದು’ ಅನ್ನೋರಿಗಿಂತ ಒಂದೋ ಎರಡೋ ಪರ್ಸೆಂಟ್ ಕಮಿಷನ್ ಕೇಳೋರು ಮೇಲು. ತಗೊಳ್ಳೋರ ಮುಖ ನಿಮಗೆ ತೋರಿಸದ ಬ್ರೋಕರ್ ಹತ್ರ ವ್ಯವಹಾರವೇ ಬೇಡ.

ಹೆಬ್ಬೆಟ್ಟಿಗೆ ಮುಂಚೆ ದುಡ್ಡು

ಸೂರತ್ತಿನ ಒಂದು ಕೇಸು ಹೇಳ್ತೀನಿ. 2009ರಲ್ಲಿ ಜಮೀನು ಮಾರಿದವರು ಐದು ವರ್ಷದ ಮೇಲೆ ಕೋರ್ಟಿಗೆ ಹೋಗಿ, ಪತ್ರದಲ್ಲಿ ಬರೆದ 36 ಚೆಕ್ಕುಗಳಲ್ಲಿ ಬಹುತೇಕ ಬೋಗಸ್, ನಮಗೆ ಸಿಕ್ಕಿದ್ದು 40 ಸಾವಿರ ಮಾತ್ರ ಅಂದ್ರು. ಬೆಲೆ ಇದ್ದದ್ದು 1.74 ಕೋಟಿ. 2020ರಲ್ಲಿ ಸುಪ್ರೀಂ ಕೋರ್ಟ್ ಅವರ ದಾವೆಯನ್ನ ಎತ್ತಿಹಿಡಿಯಲಿಲ್ಲ. ದುಡ್ಡು ಪೂರ್ತಿ ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ರಿಜಿಸ್ಟರ್ ಆದ ಕ್ರಯಪತ್ರ ರದ್ದಾಗಲ್ಲ, ಬಾಕಿಗೆ ಬೇರೆ ದಾರಿ ಹಿಡೀಬೇಕು ಅಂತ ತೀರ್ಪಾಯ್ತು. ದಾವೆ ತಡವಾಗಿ ಹಾಕಿದ್ದೂ ಒಂದು ಕಾರಣ.

ಹಾಗಾಗಿ ‘ರಿಜಿಸ್ಟರ್ ಆದ ತಕ್ಷಣ ಹೊರಗಡೆ ಕೊಡ್ತೀವಿ’ ಅನ್ನೋದಕ್ಕೆ ಒಪ್ಪಬೇಡಿ. ಆರ್‌ಟಿಜಿಎಸ್ ಈಗ 24 ಗಂಟೆಯೂ ನಡೆಯುತ್ತೆ. ಅಲ್ಲೇ ಆಫೀಸಲ್ಲಿ ಕೂತು ಹಾಕಿಸಿ, ಮೆಸೇಜು ನಂಬದೆ ಪಾಸ್‌ಬುಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿ. ಡಿಡಿ ಕೊಡೋದಾದ್ರೆ ಹಿಂದಿನ ದಿನವೇ ಜೆರಾಕ್ಸ್ ತಗೊಂಡು, ಕೊಟ್ಟ ಬ್ಯಾಂಕ್ ಬ್ರಾಂಚಲ್ಲಿ ಅಸಲಿಯೋ ಅಲ್ವೋ ವಿಚಾರಿಸಿ. ಮುಂದಿನ ದಿನಾಂಕದ ಚೆಕ್ ಬೇಡವೇ ಬೇಡ. ಯುಟಿಆರ್ ಇಲ್ಲಾ ಡಿಡಿ ನಂಬರ್ ಪತ್ರದಲ್ಲಿ ಬಂದಿದೆಯಾ ಅಂತ ಡ್ರಾಫ್ಟ್ ಓದುವಾಗಲೇ ನೋಡಿ. ಕಾವೇರಿಯಲ್ಲಿ ಡ್ರಾಫ್ಟ್ ಅಪ್‌ಲೋಡ್ ಆಗಿ, ಪರಿಶೀಲನೆ ಆಗಿ, ಫೀ ಕಟ್ಟಿ, ಸ್ಲಾಟ್ ಸಿಕ್ಕ ಮೇಲೆ ಆಫೀಸಿಗೆ ಹೋಗೋದು. ಹಾಗಾಗಿ ಓದೋಕೆ ಟೈಮ್ ಇದ್ದೇ ಇರುತ್ತೆ.

ಬೆಲೆ 50 ಲಕ್ಷ ಮುಟ್ಟಿದ್ರೆ ಪಾರ್ಟಿ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕೊಡ್ತಾರೆ. ಅದು ನಿಮ್ಮ ಪಾನ್ ಲೆಕ್ಕಕ್ಕೇ ಬರುತ್ತೆ, ಜಗಳ ಬೇಡ.

ಸೈಟಲ್ಲ, ಹೊಲ ಆದ್ರೆ?

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕ್ಯಾಶ್ ಪಾರ್ಟಿಗಳು ಹಳ್ಳಿಗೆ ಜಾಸ್ತಿ ಬರೋಕೆ ಇದೂ ಒಂದು ಕಾರಣ. ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರೋದಾದ್ರೆ 11ಇ ಸ್ಕೆಚ್ ಬೇಕು. ಸರ್ವೆಯರ್ ಬಂದು ಅಳೆಯೋಕೆ ಟೈಮ್ ಹಿಡಿಯುತ್ತೆ, ಮೊದಲೇ ಅರ್ಜಿ ಹಾಕಿಡಿ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋಹಾಗಿಲ್ಲ. ‘ಹಳೇ ಗ್ರಾಂಟು, ಟೈಮ್ ಬಾರ್ ಆಗಿದೆ, ಏನೂ ಆಗಲ್ಲ’ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. 2023ರ ತಿದ್ದುಪಡಿ ಆದ ಮೇಲೆ ವಾಪಸ್ ಕೇಳೋಕೆ ಕಾಲಮಿತಿ ಇಲ್ಲ.

ತೆರಿಗೆ ವಿಷಯದಲ್ಲಿ ಹಳ್ಳಿ ಹೊಲಕ್ಕೆ ಅನುಕೂಲ ಇದೆ. ಗ್ರಾಮೀಣ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಆದ್ರೆ ಪಟ್ಟಣದ ಗಡಿಯಿಂದ ದೂರ ಎಷ್ಟು ಅನ್ನೋದು ಮುಖ್ಯ. ಪಟ್ಟಣದ ಜನಸಂಖ್ಯೆ 10 ಸಾವಿರ ಮೀರಿ 1 ಲಕ್ಷದವರೆಗೆ ಇದ್ರೆ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೇಲಿದ್ರೆ 8 ಕಿ.ಮೀ. ಆಚೆ ಇರಬೇಕು. ರಸ್ತೆ ಲೆಕ್ಕ ಅಲ್ಲ, ನೇರ ಗೆರೆ ಲೆಕ್ಕ. ಅಲಿನೇಷನ್ ಮಾಡಿಸಿದ ಜಮೀನಿಗೆ ಈ ವಿನಾಯಿತಿ ಇಲ್ಲ.

ರಿಜಿಸ್ಟರ್ ಆದ ಮೇಲೆ ಪತ್ರದ ಒಂದು ದೃಢೀಕೃತ ನಕಲು ತಗೊಂಡು ಇಟ್ಕೊಳ್ಳಿ. ಅಸಲು ಪಾರ್ಟಿ ಕೈಗೆ ಹೋಗುತ್ತೆ, ರಿಟರ್ನ್ಸ್ ಹಾಕೋವಾಗ ಆಡಿಟರ್ ಮೊದಲು ಕೇಳೋದೇ ಆ ಪತ್ರ.